ಗುಲಾಬಿ ಕುಂಡಕ್ಕೆ ಹೋದದ್ದು ಲಾಬ್‌ಸ್ಟರ್ ಅಲ್ಲ, ಅದರ ಅಂಗಿ

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರಡಿಯ ಮೀನಿನ ಟ್ಯಾಂಕ್ ಇದೆ. 12 ಗಪ್ಪಿ, 2 ಗೌರಾಮಿ, ತಳದಲ್ಲೇ ಓಡಾಡುವ 6 ಕೋರಿ, ಒಂದು ಸಕ್ಕರ್ ಮೀನು ಇದ್ದವು. ಒಂದೂವರೆ ತಿಂಗಳ ಹಿಂದೆ ಅಂಗಡಿಯವರು ‘ಕೆಳಗೆ ಬಿದ್ದ ಫುಡ್ ತಿಂದು ಟ್ಯಾಂಕ್ ಕ್ಲೀನ್ ಇಡುತ್ತವೆ’ ಎಂದು ಒಂದು ನೀಲಿ ಲಾಬ್‌ಸ್ಟರ್, ಎರಡು ಕೆಂಪು ಇಕ್ಕಳದ ಏಡಿ ಕೊಟ್ಟರು. ಈಗ ಕೋರಿ ನಾಲ್ಕೇ ಉಳಿದಿವೆ. ಒಂದು ಏಡಿ ಕಾಣೆಯಾಗಿದೆ. ಇನ್ನೊಂದು ಸದಾ ಫಿಲ್ಟರ್ ಪೈಪ್ ಹತ್ತಿ ನೀರಿನ ಮೇಲೆ ಕೂತಿರುತ್ತದೆ. ನಿನ್ನೆ ಬೆಳಿಗ್ಗೆ ಲಾಬ್‌ಸ್ಟರ್ ಸತ್ತು ಬಿದ್ದಿತ್ತು. ತೆಗೆದು ಗುಲಾಬಿ ಕುಂಡಕ್ಕೆ ಹಾಕಿದೆವು. ಸಂಜೆ ನೋಡಿದರೆ ಕಲ್ಲಿನ ಸಂದಿಯಲ್ಲಿ ಅದು ಮೀಸೆ ಆಡಿಸುತ್ತಿದೆ! ಈ ಮಧ್ಯೆ ಗೌರಾಮಿಗೆ ಬಿಳಿ ಚುಕ್ಕೆ ಬಂದಿದೆ. ಅಂಗಡಿಯವರು ಕೊಟ್ಟ ನೀಲಿ ಔಷಧಿ ಹಾಕಬಹುದಾ? ಎಲ್ಲವೂ ಒಟ್ಟಿಗೆ ಇರಬೇಕಾದರೆ ಏನು ಮಾಡಬೇಕು? ಆರು ವರ್ಷದ ಮಗಳಿಗೆ ಲಾಬ್‌ಸ್ಟರ್ ಹಿಡಿಯುವ ಆಸೆ. ಹಿಡಿಯಬಹುದಾ?
— ಒಬ್ಬ ಓದುಗರು, ಮೈಸೂರು

ಉತ್ತರ: ಮೊದಲು ಆ ಔಷಧಿ ಬಾಟಲಿ ಕೆಳಗಿಡಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ಬಿಳಿ ಚುಕ್ಕೆಗೆ ಮಾರುವ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ಮಾಡುವಾಗ ಸುಣ್ಣದ ಜೊತೆ ಕಲಸುತ್ತಾರಲ್ಲ, ಮೈಲುತುತ್ತ, ಅದೇ. ಮೀನು ಹೇಗೋ ತಡೆದುಕೊಳ್ಳುವಷ್ಟು ತಾಮ್ರ ಏಡಿ, ಸಿಗಡಿ, ಲಾಬ್‌ಸ್ಟರುಗಳ ಕಿವಿರು ಕೆಡಿಸಲು ಸಾಕು. ತಮಾಷೆ ಅಂದ್ರೆ ಇವುಗಳ ರಕ್ತದಲ್ಲಿ ಆಮ್ಲಜನಕ ಹೊರುವುದೂ ತಾಮ್ರವೇ. ನಮಗೆ ಕಬ್ಬಿಣ ಹೇಗೋ ಅವಕ್ಕೆ ತಾಮ್ರ ಹಾಗೆ. ನೀರಿನಲ್ಲಿ ಜಾಸ್ತಿಯಾಯಿತೋ, ಅದೇ ವಿಷ. ನೀಲಿ ಬಣ್ಣ ನೋಡಿ ಏನೂ ಹೇಳಲು ಬರುವುದಿಲ್ಲ. ತಾಮ್ರವಿಲ್ಲದ ಮೆಥಿಲೀನ್ ಬ್ಲೂ ಎಂಬ ಔಷಧಿ ಕೂಡ ನೀಲಿಯೇ. ಒಳಗೇನಿದೆ ಎಂದು ಲೇಬಲ್ ಮೇಲೆ ಬರೆಯದ ಬಾಟಲಿಯನ್ನು ಲಾಬ್‌ಸ್ಟರ್ ಇರುವ ನೀರಿಗೆ ತೋರಿಸಲೂ ಬೇಡಿ.

ಹಾಗಾದರೆ ಗೌರಾಮಿಯ ಗತಿ? ಮೀನುಗಳನ್ನೆಲ್ಲ, ಚುಕ್ಕೆ ಕಾಣದವನ್ನೂ ಸೇರಿಸಿ, ಬೇರೆ ಟಬ್ಬಿಗೆ ಹಾಕಿ. ದೊಡ್ಡ ಪ್ಲಾಸ್ಟಿಕ್ ಟಬ್, ಒಂದು ಏರ್ ಪಂಪ್, ಅದೇ ಟ್ಯಾಂಕಿನ ನೀರು, ಮೇಲೊಂದು ಬಲೆ. ಔಷಧಿ ಅಲ್ಲೇ ಕೊಡಿ. ಕೋರಿಗಳಿಗೆ ಔಷಧಿ ಬೇಗ ತಾಗುತ್ತದೆ, ಅರ್ಧ ಪ್ರಮಾಣದಿಂದ ಶುರು ಮಾಡಿ. ಇತ್ತ ಟ್ಯಾಂಕಿನಲ್ಲಿ ಲಾಬ್‌ಸ್ಟರ್ ಒಂದೇ ಇರಲಿ. ಬಿಳಿ ಚುಕ್ಕೆಯ ಕ್ರಿಮಿಗೆ ಮೀನಿನ ಮೈಯೇ ಬೇಕು, ಲಾಬ್‌ಸ್ಟರ್ ಮೈ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಮನೆಗಳ 26–28 ಡಿಗ್ರಿ ನೀರಿನಲ್ಲಿ ಅದರ ಮರಿಗಳು ಒಡೆದು ಬಂದು, ಮೀನು ಸಿಗದೆ, ಎರಡು ದಿನದಲ್ಲಿ ಸಾಯುತ್ತವೆ. ಹತ್ತು ದಿನ ಮೀನಿಲ್ಲದೆ ಬಿಟ್ಟರೆ ಟ್ಯಾಂಕ್ ತಾನಾಗಿ ಚೊಕ್ಕಟವಾಗುತ್ತದೆ. ಹೀಟರ್ ಹಾಕಿ ನೀರು ಬಿಸಿ ಮಾಡುವ ಉಪಾಯವನ್ನು ಯಾರಾದರೂ ಹೇಳಿದರೆ ಈಗ ಕೇಳಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮತ್ತು ನಿಮ್ಮ ಲಾಬ್‌ಸ್ಟರ್ ಈಗ ಬಾಣಂತಿ ಇದ್ದ ಹಾಗಿದೆ.

ಯಾಕೆ ಅಂದ್ರೆ, ನೀವು ಗುಲಾಬಿ ಕುಂಡಕ್ಕೆ ಹಾಕಿದ್ದು ಲಾಬ್‌ಸ್ಟರಿನ ಹೆಣ ಅಲ್ಲ. ಅದರ ಅಂಗಿ. ಹಾವು ಪೊರೆ ಬಿಡುತ್ತದಲ್ಲ, ಹಾಗೆ ಇದೂ ಬಿಟ್ಟಿದೆ. ಹಾವಿನ ಪೊರೆ ತೆಳು ಕಾಗದದ ಹಾಗಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಇದು ಹಾಗಲ್ಲ. ಕಣ್ಣಿನ ಗುಡ್ಡೆಯ ಹೊದಿಕೆ, ಮೀಸೆ, ಇಕ್ಕಳ, ಕಾಲಿನ ಕೊನೆಯ ಉಗುರು, ಕಿವಿರಿನ ಗರಿಗಳವರೆಗೆ ಎಲ್ಲವೂ ಅಚ್ಚಿನಂತೆ ಇರುತ್ತದೆ. ಮೋಸ ಹೋಗದವರೇ ಇಲ್ಲ. ನನ್ನ ಮೊದಲ ಲಾಬ್‌ಸ್ಟರ್ ಪೊರೆ ಬಿಟ್ಟಾಗ ನಾನೂ ಸತ್ತಿತು ಅಂತಲೇ ಎಸೆದಿದ್ದೆ.

ಆಮೇಲೆ ಒಂದು ಸಲ ಕೂತು ನೋಡಿದೆ. ಮೂರು ದಿನದಿಂದ ಊಟ ಬಿಟ್ಟಿತ್ತು, ಪೈಪಿನ ತುಂಡಿನಿಂದ ಹೊರಗೇ ಬರುತ್ತಿರಲಿಲ್ಲ. ರಾತ್ರಿ ನೀರು ಕುಡಿಯಲು ಎದ್ದವನು ಟಾರ್ಚ್ ಹಾಕಿದೆ. ಪಕ್ಕಕ್ಕೆ ಮಗುಚಿ ಮಲಗಿತ್ತು. ಬೆನ್ನಿನ ಚಿಪ್ಪು ಮತ್ತು ಬಾಲ ಸೇರುವ ಜಾಗದಲ್ಲಿ ಒಂದು ಬಿರುಕು, ಅದರೊಳಗೆ ಎಳೆ ನೀಲಿ. ನಿಧಾನಕ್ಕೆ ಉಸಿರು ತೆಗೆದುಕೊಂಡ ಹಾಗೆ ಮೈ ಉಬ್ಬುತ್ತಿತ್ತು. ಮೊದಲು ಬೆನ್ನು ಹೊರಬಂತು. ಆಮೇಲೆ ತಲೆ, ಕಣ್ಣು. ಕಷ್ಟವಿದ್ದದ್ದು ಇಕ್ಕಳದಲ್ಲಿ. ಅಷ್ಟು ದಪ್ಪ ಇಕ್ಕಳದ ಮಾಂಸ ಅಷ್ಟು ಸಣ್ಣ ಗೆಣ್ಣಿನ ತೂತಿನಿಂದ ಈಚೆ ಬರಬೇಕು. ಬಳೆ ಅಂಗಡಿಯಲ್ಲಿ ಕೈ ಹಿಂಡಿ ಚಿಕ್ಕ ಬಳೆ ತೊಡಿಸಿದ ಹಾಗೆ. ಎಳೆಯಿತು, ನಿಂತಿತು, ಮತ್ತೆ ಎಳೆಯಿತು. ಕೊನೆಗೆ ಬಾಲವನ್ನು ಒಂದೇ ಸಲ ಚಟ್ಟನೆ ಮಡಚಿತು ನೋಡಿ, ಅಷ್ಟೇ, ಎರಡಡಿ ಆಚೆ ಹೋಗಿ ಬಿದ್ದಿತ್ತು. ಹಳೆ ಅಂಗಿ ಇಲ್ಲಿ, ಒಡೆಯ ಅಲ್ಲಿ. ಹೊಸ ಮೈ ಬೆರಳಿನಿಂದ ಒತ್ತಿದರೆ ಜೆಲ್ಲಿಯಂತೆ ಒಳಗೆ ಹೋಗುವಷ್ಟು ಮೆತ್ತಗಿರುತ್ತದೆ. ಒತ್ತಿ ನೋಡಬೇಡಿ, ಮಾತಿಗೆ ಹೇಳಿದೆ.

ಈ ಮೆತ್ತಗಿನ ಎರಡು ಮೂರು ದಿನ ಇದೆಯಲ್ಲ, ಲಾಬ್‌ಸ್ಟರ್ ಸಾಕುವವರು ತಲೆ ಕೆಡಿಸಿಕೊಳ್ಳಬೇಕಾದದ್ದು ಅಷ್ಟಕ್ಕೇ. ನಿನ್ನೆಯವರೆಗೆ ಕೋರಿ ಹಿಡಿದು ತಿನ್ನುತ್ತಿದ್ದ ಪ್ರಾಣಿ ಇವತ್ತು ಸಕ್ಕರ್ ಬಂದು ಮೈ ಕೆರೆದರೂ ತಳ್ಳಲಾರದು. ಇಕ್ಕಳ ಇದ್ದರೂ ಹಿಡಿತವಿಲ್ಲ. ಎಷ್ಟೋ ಲಾಬ್‌ಸ್ಟರುಗಳು ಪೊರೆ ಬಿಟ್ಟ ರಾತ್ರಿಯೇ ಜೊತೆಗಿದ್ದವರ ಬಾಯಿಗೆ ಹೋಗುತ್ತವೆ. ಎರಡು ಲಾಬ್‌ಸ್ಟರ್ ಒಂದೇ ಟ್ಯಾಂಕಿನಲ್ಲಿದ್ದರೆ ಮೊದಲು ಪೊರೆ ಬಿಟ್ಟದ್ದು ಎರಡನೆಯದಕ್ಕೆ ಊಟ. ಮೀನು ಬೇರೆ ಮಾಡಿ ಅಂದದ್ದು ಇದಕ್ಕೂ ಆಯಿತು.

ಆ ಪೊರೆಯನ್ನು ಕುಂಡದಿಂದ ತೆಗೆದು, ತೊಳೆದು, ಟ್ಯಾಂಕಿಗೆ ವಾಪಸ್ ಹಾಕಿ. ಗುಲಾಬಿಗೆ ಕೀಟನಾಶಕ ಹೊಡೆದಿದ್ದರೆ ಮಾತ್ರ ಬೇಡವೇ ಬೇಡ. ಲಾಬ್‌ಸ್ಟರ್ ತನ್ನ ಪೊರೆಯನ್ನು ತಾನೇ ತಿನ್ನುತ್ತದೆ. ಹೊಸ ಚಿಪ್ಪು ಗಟ್ಟಿಯಾಗಲು ಸುಣ್ಣದ ಅಂಶ ಬೇಕಲ್ವಾ, ಹಳೆಯದರಲ್ಲಿ ಅದು ಬೇಕಾದಷ್ಟಿದೆ. ಪೊರೆ ಬಿಡುವ ಮುಂಚೆಯೇ ಅದು ಸ್ವಲ್ಪ ಸುಣ್ಣವನ್ನು ಹೊಟ್ಟೆಯಲ್ಲಿ ಎರಡು ಬಿಳಿ ಗುಂಡಿಗಳ ಹಾಗೆ ಕೂಡಿಟ್ಟುಕೊಂಡಿರುತ್ತದೆ. ಹಳೆ ಕಾಲದ ಯುರೋಪಿನಲ್ಲಿ ಆ ಗುಂಡಿಗಳನ್ನು ಏಡಿಗಣ್ಣು ಎಂದು ಕರೆದು ಔಷಧಿಯಾಗಿ ಮಾರುತ್ತಿದ್ದರಂತೆ. ಕೂಡಿಟ್ಟದ್ದು ಸಾಲುವುದಿಲ್ಲ. ಉಳಿದದ್ದು ಪೊರೆಯಿಂದ, ಊಟದಿಂದ, ನೀರಿನಿಂದ ಬರಬೇಕು.

ಇಲ್ಲೇ ನೀರಿನ ಮಾತು ಮುಗಿಸಿಬಿಡೋಣ. ಆರ್‌ಒ ನೀರು ಶುದ್ಧ ಅಂತ ಹಲವರು ಅದನ್ನೇ ತುಂಬುತ್ತಾರೆ. ಲಾಬ್‌ಸ್ಟರಿಗೆ ಅದಕ್ಕಿಂತ ಕೆಟ್ಟ ನೀರಿಲ್ಲ, ಸುಣ್ಣವೇ ಇರುವುದಿಲ್ಲ. ಮಲೆನಾಡು, ಕರಾವಳಿಯ ಬಾವಿ ನೀರೂ ಮೃದು. ಬಯಲುಸೀಮೆಯ ಬೋರ್‌ವೆಲ್ ನೀರು, ನಾವು ಬೈದುಕೊಂಡು ಸೋಲಾರ್ ಪೈಪ್ ಉಜ್ಜುತ್ತೇವಲ್ಲ, ಅದು ಇವಕ್ಕೆ ಅಮೃತ. ಟಿಡಿಎಸ್ ಮೀಟರ್ ನಂಬಬೇಡಿ, ಅದು ಎಲ್ಲ ಲವಣ ಒಟ್ಟು ಸೇರಿಸಿ ಹೇಳುತ್ತದೆ. ನೀರಿನ ಗಡಸುತನ ಅಳೆಯುವ ಜಿಎಚ್ ಟೆಸ್ಟ್ ಕಿಟ್ ತನ್ನಿ, 8ರಿಂದ 12 ಇದ್ದರೆ ಸರಿ, ಪಿಎಚ್ 7ರಿಂದ 8. ಕಡಿಮೆಯಿದ್ದರೆ ಗಿಳಿ ಪಂಜರಕ್ಕೆ ಸಿಕ್ಕಿಸುವ ಸಮುದ್ರನೊರೆ ಸಿಗುತ್ತದಲ್ಲ, ಅದರ ಒಂದು ತುಂಡು ನೀರಿಗೆ ಹಾಕಿ. ಮೊದಲು ತೇಲುತ್ತದೆ, ಎರಡು ದಿನಕ್ಕೆ ಮುಳುಗುತ್ತದೆ. ಲಾಬ್‌ಸ್ಟರ್ ಬಂದು ಕೆರೆದು ತಿನ್ನುವುದನ್ನು ನೋಡಬಹುದು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ತುಂಬಬೇಡಿ. ಪೊರೆ ಸಲೀಸಾಗಲಿ ಅಂತ ಅಯೋಡಿನ್ ಬಾಟಲಿ ಕೂಡ ಮಾರುತ್ತಾರೆ. ನಾನು ಇಷ್ಟು ವರ್ಷದಲ್ಲಿ ಒಂದು ಹನಿಯೂ ಹಾಕಿಲ್ಲ.

ಈಗ ಏಡಿ. ಪಾಪ, ಅದು ಪೈಪ್ ಹತ್ತಿ ಕೂತಿರುವುದು ಆಟಕ್ಕಲ್ಲ. ನೆಲ ಹುಡುಕುತ್ತಿದೆ. ಈ ಕೆಂಪು ಇಕ್ಕಳದ ಏಡಿ ಆಗ್ನೇಯ ಏಷ್ಯಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳದ್ದು. ಯಾವತ್ತಾದರೂ ಕುಮಟಾ ಕಡೆ ಹೋದರೆ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನಿಂತು ನೋಡಿ. ಅಲ್ಲಿ ಇದರ ದಾಯಾದಿಗಳು ಕಾಂಡ್ಲಾ ಬೇರಿನ ಮೇಲೆ, ಕೆಸರಿನ ಮೇಲೆ ಓಡಾಡುತ್ತಿರುತ್ತವೆ. ದಿನದ ಬಹುಪಾಲು ನೀರಿನ ಹೊರಗೇ ಇರುತ್ತವೆ. ಕಿವಿರಿನಲ್ಲಿ ಒಂದಿಷ್ಟು ನೀರು ಹಿಡಿದುಕೊಂಡು, ಅದನ್ನೇ ಮೈಮೇಲೆ ಹರಿಸಿ, ಗಾಳಿ ತಾಗಿಸಿ ಮತ್ತೆ ಒಳಗೆಳೆದು ಉಸಿರಾಡುತ್ತವೆ. ನೀರೂ ನಮ್ಮ ನಲ್ಲಿ ನೀರಲ್ಲ, ಹೊಳೆ ಸಮುದ್ರ ಬೆರೆತ ಸವಳು ನೀರು. ಇವನ್ನು ಪೂರ್ತಿ ತುಂಬಿದ ಸಿಹಿನೀರಿನ ಟ್ಯಾಂಕಿಗೆ ಹಾಕಿದರೆ ಕೂಡಲೇ ಸಾಯುವುದಿಲ್ಲ. ಎರಡು ತಿಂಗಳೋ ನಾಲ್ಕು ತಿಂಗಳೋ ಬದುಕುತ್ತವೆ, ಆಮೇಲೆ ಒಂದು ದಿನ ಪೊರೆ ಬಿಡುವಾಗ ಸಾಯುತ್ತವೆ. ಅಷ್ಟರಲ್ಲಿ ಗ್ಯಾರಂಟಿ ಅವಧಿ ಮುಗಿದಿರುತ್ತದೆ, ಅಂಗಡಿಯವರಿಗೂ ನೆಮ್ಮದಿ. ಇಕ್ಕಳ ಬೀಸುವ ಫಿಡ್ಲರ್ ಏಡಿ ಎಂದು ಮಾರುತ್ತಾರಲ್ಲ, ಅದರದ್ದೂ ಇದೇ ಕಥೆ.

ಕಾಣೆಯಾದದ್ದು ಎಲ್ಲಿ ಅಂತೀರಾ? ಫ್ರಿಜ್ ಹಿಂದೆ, ಸೋಫಾ ಕೆಳಗೆ, ಬಚ್ಚಲ ಹತ್ತಿರ, ತಂಪು ಇರುವ ಕಡೆ ನೋಡಿ. ಕಿವಿರು ಒದ್ದೆಯಿರುವ ತನಕ ಏಡಿ ಬದುಕಿರುತ್ತದೆ. ಸಿಕ್ಕರೆ ಒಂದು ತಟ್ಟೆಯಲ್ಲಿ ಅರ್ಧ ಬೆರಳು ನೀರು ಹಾಕಿ ಅದರಲ್ಲಿ ಬಿಡಿ, ಸೀದಾ ಆಳಕ್ಕೆ ಮುಳುಗಿಸಬೇಡಿ. ಸಿಗದಿದ್ದರೆ ಲಾಬ್‌ಸ್ಟರನ್ನೇ ಕೇಳಬೇಕು.

ಉಳಿದಿರುವ ಏಡಿಗೆ ಬೇರೆ ಮನೆ ಮಾಡಿ. ಎರಡಡಿ ಟ್ಯಾಂಕ್ ಆದರೂ ಸಾಕು. ಮೂರರಲ್ಲಿ ಒಂದು ಭಾಗ ನೀರು, ಉಳಿದದ್ದು ಮರಳು, ಕಲ್ಲು, ಮರದ ತುಂಡು. ನೀರಿಗೆ ಸಾಗರದ ಟ್ಯಾಂಕಿಗೆ ಬಳಸುವ ಉಪ್ಪು, ಲೀಟರಿಗೆ ಸುಮಾರು 7 ಗ್ರಾಂ. ಅಡಿಗೆ ಉಪ್ಪು ಆಗುವುದಿಲ್ಲ. ಇದು ಆಗದ ಮಾತು ಅನಿಸಿದರೆ ಇಂಥ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ. ಗೌರಾಮಿ ಜೊತೆ ಅಂತೂ ವಾಪಸ್ ಬೇಡ.

ಮಳೆಗಾಲದಲ್ಲಿ ಗದ್ದೆ ಬದುವಿನಿಂದ ಏಡಿ ತಂದು ಟ್ಯಾಂಕಿಗೆ ಹಾಕುವ ಮಕ್ಕಳಿದ್ದಾರೆ. ನಾನೂ ಹಾಕಿದ್ದೆ. ಗದ್ದೆ ಏಡಿಗೆ ಸಿಹಿನೀರು ಒಗ್ಗುತ್ತದೆ, ಆದರೆ ಅದಕ್ಕೂ ನೆಲ ಬೇಕು, ಬಿಲ ಬೇಕು. ಮೀನಿನ ಜೊತೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೀನಿನ ಬಾಲ ಒಂದು ಕಡೆ, ತಲೆ ಒಂದು ಕಡೆ. ಪಶ್ಚಿಮ ಘಟ್ಟದ ಬಣ್ಣದ ಏಡಿಗಳನ್ನಂತೂ ಮುಟ್ಟಬೇಡಿ. ಯಲ್ಲಾಪುರದ ಕಾಡಿನಲ್ಲಿ ಸಿಕ್ಕ, ಬಿಳಿ ಮೈಯ ಘಾಟಿಯಾನ ದ್ವಿವರ್ಣ ಎಂಬ ಏಡಿಗೆ ಹೆಸರಿಟ್ಟದ್ದೇ 2022ರಲ್ಲಿ. ಇಂಥವು ಅಷ್ಟಿಷ್ಟು ಜಾಗದಲ್ಲಿ ಮಾತ್ರ ಇರುತ್ತವೆ. ಅಲ್ಲಿಂದ ಹೋದವೆಂದರೆ ಎಲ್ಲಿಂದಲೂ ಹೋದ ಹಾಗೆ.

ನಿಜವಾಗಿ ಪೂರ್ತಿ ನೀರಿನೊಳಗೇ ಇದ್ದು, ಮೀನಿಗೆ ತೊಂದರೆ ಕೊಡದ ಏಡಿ ಬೇಕು ಅಂದರೆ ಥಾಯ್ ಮೈಕ್ರೋ ಕ್ರ್ಯಾಬ್ ಇದೆ. ಥಾಯ್ಲೆಂಡಿನ ಥಾ ಚಿನ್ ನದಿಯದ್ದು. ಬೆನ್ನಿನ ಚಿಪ್ಪು ಒಂದು ಸೆಂಟಿಮೀಟರ್ ದಾಟುವುದಿಲ್ಲ, ನೋಡಲು ಜೇಡದ ಹಾಗೆ. ಹಗಲಿಡೀ ನೀರಿನ ಗಿಡಗಳ ಬೇರಿನಲ್ಲಿ ಅಡಗಿರುತ್ತದೆ. ತಂದವರಿಗೇ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಮಗಳಿಗೆ ಬೇಜಾರಾಗಬಹುದು.

ಇನ್ನು ಮುಖ್ಯ ಪ್ರಶ್ನೆ: ಒಟ್ಟಿಗೆ ಇರುತ್ತವಾ? ನೀವು ಕೇಳುತ್ತಿರುವುದು ಮೀನಿನ ಟ್ಯಾಂಕಿನಲ್ಲಿ ಲಾಬ್‌ಸ್ಟರ್ ಇರುತ್ತದಾ ಎಂದು. ಅದಕ್ಕೆ ಉತ್ತರ ಇಲ್ಲ. ಲಾಬ್‌ಸ್ಟರಿನ ಟ್ಯಾಂಕಿನಲ್ಲಿ ಕೆಲವು ಮೀನು ಇರುತ್ತವಾ ಎಂದು ಕೇಳಿದರೆ, ಹೂಂ, ಇರುತ್ತವೆ. ಮನೆ ಯಾರ ಹೆಸರಿನಲ್ಲಿದೆ, ನೆಂಟರು ಯಾರು ಎಂದು ಮೊದಲು ತೀರ್ಮಾನವಾಗಬೇಕು.

ನೀವು ತಂದದ್ದಕ್ಕೆ ಅಂಗಡಿಯಲ್ಲಿ ಲಾಬ್‌ಸ್ಟರ್ ಅಂದರೂ ನಿಜವಾದ ಲಾಬ್‌ಸ್ಟರ್ ಸಮುದ್ರದ್ದು. ಇದು ಸಿಹಿನೀರಿನ ಕ್ರೇಫಿಶ್. ನೀಲಿ ಬಣ್ಣದಲ್ಲಿ ಸಾಮಾನ್ಯವಾಗಿ ಬರುವುದು ಎರಡು ಬಗೆ. ಅಮೆರಿಕದ್ದಾದರೆ ಇಕ್ಕಳ ಉದ್ದಕ್ಕಿದ್ದು ಮೇಲೆ ಗುಳ್ಳೆ ಗುಳ್ಳೆಯಾಗಿ ಒರಟಾಗಿರುತ್ತದೆ. ಹತ್ತು ಹನ್ನೆರಡು ಸೆಂಟಿಮೀಟರ್ ಬೆಳೆಯುತ್ತದೆ. ಆಸ್ಟ್ರೇಲಿಯದ ರೆಡ್‌ಕ್ಲಾ ಆದರೆ ಇಕ್ಕಳ ನುಣುಪು, ಬಲಿತ ಗಂಡಿಗೆ ಇಕ್ಕಳದ ಹೊರ ಅಂಚಿನಲ್ಲಿ ಕೆಂಪು ಪಟ್ಟೆ. ಇದು ಸ್ವಲ್ಪ ಸಾಧು, ಆದರೆ 20 ಸೆಂಟಿಮೀಟರ್ ದಾಟುತ್ತದೆ. ಯಾವುದೇ ಇರಲಿ, ಒಂದು ಟ್ಯಾಂಕಿಗೆ ಒಂದೇ.

ಅದು ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಅಷ್ಟು ಚುರುಕಿಲ್ಲ. ದೀಪ ಆರಿದ ಮೇಲೆ ತಳದಲ್ಲಿ ಮೀಸೆ ಬೀಸಿಕೊಂಡು ನಡೆಯುತ್ತದೆ. ಮೀಸೆಗೆ ಏನಾದರೂ ತಾಗಿದರೆ ಇಕ್ಕಳ ಮುಚ್ಚುತ್ತದೆ. ಕೋರಿ ರಾತ್ರಿ ಮಲಗುವುದು ಎಲ್ಲಿ? ತಳದಲ್ಲಿ, ಇದರ ದಾರಿಯಲ್ಲೇ. ನಿಮ್ಮ ಎರಡು ಕೋರಿ ಹೋದದ್ದು ಹೀಗೆ. ಗಪ್ಪಿ ಮೇಲೆ ಈಜುತ್ತದೆ ನಿಜ, ಆದರೆ ಅಷ್ಟುದ್ದ ಬಾಲ ಇಟ್ಟುಕೊಂಡು ರಾತ್ರಿ ಗಿಡದ ಪಕ್ಕ ತೂಗಾಡುತ್ತಿರುತ್ತದೆ. ಫೈಟರ್, ಗೋಲ್ಡ್‌ಫಿಶ್ ಕೂಡ ಬೇಡ. ಇನ್ನೊಂದು ಕಡೆ ಆಸ್ಕರ್, ಫ್ಲವರ್‌ಹಾರ್ನ್ ತರದ ದೊಡ್ಡ ಮೀನುಗಳು ಪೊರೆ ಬಿಡುವ ದಿನಕ್ಕಾಗಿ ಕಾದು ಲಾಬ್‌ಸ್ಟರನ್ನೇ ನುಂಗುತ್ತವೆ. ಉಳಿಯುವುದು ಚುರುಕಾಗಿ, ಮೇಲ್ಭಾಗದಲ್ಲೇ ಗುಂಪಾಗಿ ಈಜುವ ಮೀನು. ಜೀಬ್ರಾ ಡ್ಯಾನಿಯೊ ಒಂದು ಎಂಟು ಹತ್ತು ಹಾಕಿ. ನಮ್ಮ ದೇಶದ್ದೇ, ಅಗ್ಗ, ಗಟ್ಟಿ ಜೀವ. ನಮ್ಮ ಘಟ್ಟದ ಹೊಳೆಗಳಲ್ಲೂ ಇರುವ ಜೈಂಟ್ ಡ್ಯಾನಿಯೊ ಇನ್ನೂ ಚೆನ್ನ, ಆದರೆ ಅದು ಹಾರುತ್ತದೆ. ತಿಂಗಳಿಗೊಂದು ಮೀನು ಕಡಿಮೆಯಾದರೂ ಆಗಬಹುದು. ಅದನ್ನು ಸಹಿಸುವುದಿಲ್ಲ ಅಂದರೆ ಮೀನೇ ಬೇಡ.

ನಿಮ್ಮ ಮನೆಯ ಪರಿಸ್ಥಿತಿಗೆ ನಾನಾದರೆ ಹೀಗೆ ಮಾಡುತ್ತೇನೆ: ಮೂರಡಿ ಟ್ಯಾಂಕ್ ಗೌರಾಮಿ, ಕೋರಿಗಳಿಗೇ ಇರಲಿ. ಚಿಪ್ಪು ಗಟ್ಟಿಯಾದ ಮೇಲೆ ಲಾಬ್‌ಸ್ಟರಿಗೆ ಎರಡಡಿಯದೊಂದು ಬೇರೆ ಟ್ಯಾಂಕ್. ಎರಡು ಅಡಿ, ಒಂದು ಅಡಿ, ಒಂದು ಅಡಿ ಅಂದರೆ ಸುಮಾರು 56 ಲೀಟರ್ ಹಿಡಿಯುತ್ತದೆ, ಒಂದಕ್ಕೆ ಸಾಕು. ಹಳೆ ಟ್ಯಾಂಕಿನ ಫಿಲ್ಟರಿನ ಸ್ಪಂಜಿನಲ್ಲಿ ಒಂದು ತುಂಡನ್ನು ಇದರ ಫಿಲ್ಟರಿಗೂ ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂದರಲ್ಲ, ಲಾಬ್‌ಸ್ಟರಿನಷ್ಟು ಗಲೀಜು ಮಾಡುವ ಪ್ರಾಣಿ ನಾನು ಕಂಡಿಲ್ಲ. ಅಡಗಲು ಎರಡಿಂಚಿನ ಪಿವಿಸಿ ಪೈಪ್ ತುಂಡು, ಒಡೆದ ಹೆಂಚು, ತೆಂಗಿನ ಕರಟ. ಗಿಡ ನೆಟ್ಟರೆ ಕಿತ್ತು ತಿನ್ನುತ್ತದೆ. ಒಣಗಿದ ಕಾಡು ಬಾದಾಮಿ ಎಲೆ ಹಾಕಿ, ಬಟಾಣಿ, ಪಾಲಕ್, ಕ್ಯಾರೆಟ್ ಬೇಯಿಸಿ ಕೊಡಿ. ಮುಳುಗುವ ಪೆಲೆಟ್ ಒಂದೆರಡು, ಅದೂ ದೀಪ ಆರಿಸಿದ ಮೇಲೆ.

ಮುಚ್ಚಳ ಮರೆಯಬೇಡಿ. ಏರ್ ಪೈಪನ್ನು ಹಗ್ಗದ ಹಾಗೆ ಹಿಡಿದು ಹತ್ತುತ್ತದೆ. ಪೈಪ್, ವೈರ್ ಹೋಗುವ ಸಂದಿಗೆ ಸ್ಪಂಜು ತುರುಕಿ, ಮುಚ್ಚಳದ ಮೇಲೆ ಭಾರ ಇಡಿ. ನಮ್ಮ ಮನೆಯಲ್ಲಿ ಬಹಳ ವರ್ಷ ರುಬ್ಬುಗುಂಡು ಇಟ್ಟಿದ್ದೆವು.

ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇ ಆ ರೂಮಿನಲ್ಲಿ ಬೇಡ. ಜಿರಳೆಗೂ ಲಾಬ್‌ಸ್ಟರಿಗೂ ದೂರದ ಸಂಬಂಧ ಇದೆ, ಅದನ್ನು ಕೊಲ್ಲುವ ಮದ್ದು ಇದನ್ನೂ ಕೊಲ್ಲುತ್ತದೆ. ಒಮ್ಮೆ ನಮ್ಮ ಅಪಾರ್ಟ್‌ಮೆಂಟಿಗೆ ಪೆಸ್ಟ್ ಕಂಟ್ರೋಲಿನವರು ಬಂದಿದ್ದರು. ನಾನು ಊರಲ್ಲಿರಲಿಲ್ಲ. ವಾಪಸ್ ಬಂದಾಗ ಮೀನು ಹಸಿವಿನಿಂದ ಗಾಜಿಗೆ ಬಂದು ಕುಣಿಯುತ್ತಿದ್ದವು. ಲಾಬ್‌ಸ್ಟರ್ ಬೆನ್ನಡಿಯಾಗಿ ಬಿದ್ದಿತ್ತು. ಆ ಸಲ ಅದು ಪೊರೆ ಆಗಿರಲಿಲ್ಲ.

ನಿಮ್ಮ ಟ್ಯಾಂಕ್ ಇದ್ದ ಹಾಗೇ ಇರಬೇಕು, ಜೊತೆಗೊಂದು ಇಕ್ಕಳದ ಜೀವವೂ ಬೇಕು ಅಂದರೆ ಮೆಕ್ಸಿಕೊದ ಪಾಟ್ಸ್ಕ್ವಾರೊ ಸರೋವರದ ಕಿತ್ತಳೆ ಬಣ್ಣದ ಕುಬ್ಜ ಕ್ರೇಫಿಶ್ ಇದೆ. ನಾಲ್ಕೈದು ಸೆಂಟಿಮೀಟರಿಗೆ ನಿಲ್ಲುತ್ತದೆ, ಗಿಡ ಕೀಳುವುದಿಲ್ಲ. ಮೀನಿಗೆ ಇಕ್ಕಳ ತೋರಿಸಿ ಹೆದರಿಸುತ್ತದೆ, ಅಷ್ಟೇ. ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ಹೇಳಿ ತರಿಸಬೇಕು.

ಯಾವುದನ್ನೇ ಆಗಲಿ, ಸಾಕಿ ಸಾಕಾಯಿತು ಅಂತ ಕುಕ್ಕರಹಳ್ಳಿ ಕೆರೆಗೋ ಕಾವೇರಿಗೋ ಬಿಡಬೇಡಿ. ಭಾರತದ ಯಾವ ಹೊಳೆಯಲ್ಲೂ ಕ್ರೇಫಿಶ್ ಮೂಲದಲ್ಲಿ ಇಲ್ಲ. ಜಪಾನಿಗೆ 1927ರಲ್ಲಿ ಅಮೆರಿಕದ ಕೆಂಪು ಕ್ರೇಫಿಶ್ ತಂದರು. ಸಾಕಿದ ದೊಡ್ಡ ಕಪ್ಪೆಗಳಿಗೆ ಮೇವಾಗಲಿ ಅಂತ. ಅದು ಗದ್ದೆ, ಕಾಲುವೆಗೆಲ್ಲ ಹರಡಿತು. ಕೊನೆಗೆ 2023ರಲ್ಲಿ ಅಲ್ಲಿನ ಸರ್ಕಾರ ಮಾರಾಟ, ಹೊರಗೆ ಬಿಡುವುದು ಎರಡನ್ನೂ ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. ಗದ್ದೆ ಏಡಿ ಬದು ಕೊರೆದು ನೀರು ಸೋರುವ ಕಷ್ಟ ನಮ್ಮ ರೈತರಿಗೆ ಗೊತ್ತು. ಇದೂ ಬಿಲ ಕೊರೆಯುತ್ತದೆ, ಮೇಲಿಂದ ನೀರಿನ ಗಿಡವನ್ನೆಲ್ಲ ಬೋಳಿಸುತ್ತದೆ. ಮಾರ್ಬಲ್ ಕ್ರೇಫಿಶ್ ಎಂಬುದಂತೂ ಇನ್ನೂ ವಿಚಿತ್ರ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಾಣಿಸಿಕೊಂಡಿತು. ಎಲ್ಲವೂ ಹೆಣ್ಣು, ಗಂಡೇ ಬೇಡ, ಒಂದರಿಂದಲೇ ನೂರಾರು ಮರಿ. ಮಡಗಾಸ್ಕರಿನ ಹೊಳೆ, ಗದ್ದೆಗಳಲ್ಲಿ ಈಗ ಅದರದ್ದೇ ಕಾರುಬಾರು. ಯಾರಾದರೂ ಪುಕ್ಕಟೆ ಕೊಡುತ್ತೇನೆ ಅಂದರೂ ತರಬೇಡಿ. ಪುಕ್ಕಟೆ ಕೊಡುವುದೇ ಅದು ಮನೆ ತುಂಬಾ ಆಗಿದೆ ಅಂತ.

ಮಗಳ ಆಸೆ. ಹಿಡಿಯಬಹುದು, ಈ ವಾರ ಬೇಡ. ಈಗ ಹಿಡಿದರೆ ಅದಕ್ಕೇ ಪೆಟ್ಟು, ಇಕ್ಕಳ ಕಳಚಿ ಕೈಗೆ ಬಂದರೂ ಬಂತು. ಕಳಚಿದರೆ ಮತ್ತೆ ಬರುತ್ತದೆ, ಮುಂದಿನ ಪೊರೆಗೆ ಒಂದು ಪುಟಾಣಿ ಇಕ್ಕಳ, ಅದರ ಮುಂದಿನದಕ್ಕೆ ಸ್ವಲ್ಪ ದೊಡ್ಡದು. ಹದಿನೈದು ದಿನ ಕಳೆಯಲಿ. ಆಮೇಲೆ ಮೊದಲು ನೀವು ಹಿಡಿದು ತೋರಿಸಿ. ಹಿಂದಿನಿಂದ ಕೈ ತಂದು, ಇಕ್ಕಳಗಳ ಹಿಂದೆ, ಬೆನ್ನಿನ ಚಿಪ್ಪಿನ ಎರಡೂ ಪಕ್ಕಕ್ಕೆ ಹೆಬ್ಬೆರಳು, ತೋರುಬೆರಳು. ಇಕ್ಕಳ ಅಲ್ಲಿಗೆ ಎಟಕುವುದಿಲ್ಲ. ಮಗಳ ಕೈಗೆ ಸೋಪು, ಕ್ರೀಮು ಇರಬಾರದು. ಟ್ಯಾಂಕಿನ ನೀರಿನ ಮೇಲೇ ಹಿಡಿಯಲಿ, ಬಾಲ ಬಡಿದರೆ ಹೆದರಿ ಬಿಟ್ಟೇ ಬಿಡುತ್ತಾಳೆ.